ಟಪಾಲಕ್ಕನ ಎಂಟು ಬೆಟ್ಟ

ತಪ್ಪು ನಮ್ಮದು. ಅದನ್ನು ಮೊದಲು ಹೇಳಿಬಿಡುತ್ತೇನೆ, ಟಪಾಲಕ್ಕನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಸರೋವರದ ಸುತ್ತ ಎಂಟು ಬೆಟ್ಟಗಳಿವೆ. ಅವುಗಳ ನೆತ್ತಿಯ ಮೇಲೆ, ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಒಂದು ಕಾಲುದಾರಿ ಹೋಗುತ್ತದೆ. ದೋಣಿಕಟ್ಟೆಯಲ್ಲಿ ಹತ್ತಿದರೆ ಪೂರ್ತಿ ಸುತ್ತಿ ಮತ್ತೆ ದೋಣಿಕಟ್ಟೆಗೇ ಬಂದು ಇಳಿಯುತ್ತದೆ. ಇಪ್ಪತ್ತಾರು ಕಿಲೋಮೀಟರು ಅಂತ ಬಾಯಲ್ಲಿ ಹೇಳುವುದು ಸುಲಭ. ಹತ್ತಿದ್ದು ಇಳಿದದ್ದು ಮೊಣಕಾಲಿಗೇ ಗೊತ್ತು. ಮೇಲಿನ ನೆಲವೆಲ್ಲ ಎಸ್ಟೇಟಿನದು. ಮೂವತ್ತೆಂಟು ವರ್ಷದ ಹಿಂದೆ ಅವರು ದಾರಿಗೆ ಅಡ್ಡ ತಂತಿಬೇಲಿ ಹಾಕಿದರು. ನಾವು ಕಿತ್ತೆವು. ಅವರು ಮತ್ತೆ ಹಾಕಿದರು, ನಾವು ಮತ್ತೆ ಕಿತ್ತೆವು. ಹದಿನೇಳು ಜನ ಜೈಲಿಗೆ ಹೋದೆವು. ಒಬ್ಬನ ಹಲ್ಲು ಹೋಯಿತು, ಒಬ್ಬಳ ಕೆಲಸ ಹೋಯಿತು. ಕೊನೆಗೆ ಎರಡೂ ಕಡೆಯವರಿಗೆ ಸುಸ್ತಾಗಿ ಒಂದು ಕರಾರಾಯಿತು. ಪ್ರತಿ ವರ್ಷ ಕಣಿವೆಯ ಒಬ್ಬರಾದರೂ ಪೂರ್ತಿ ಸುತ್ತನ್ನು ಒಂದೇ ಹಗಲಿನಲ್ಲಿ, ಸೂರ್ಯ ಹುಟ್ಟಿದ ಮೇಲೆ ಹೊರಟು ಮುಳುಗುವುದರೊಳಗೆ ನಡೆದು ಮುಗಿಸಿದರೆ ದಾರಿ ಎಲ್ಲರದು. ಒಂದು ವರ್ಷ ತಪ್ಪಿದರೂ ದಾರಿ ಎಸ್ಟೇಟಿನದು. ಪ್ರತಿ ಬೆಟ್ಟದ ತಲೆಯ ಮೇಲೆ ಒಂದು ಕಲ್ಲುಗುಪ್ಪೆ, ಗುಪ್ಪೆಯೊಳಗೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ಒಂದು ಪುಸ್ತಕ. ನಡೆದವರು ಅದರಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಬೇಕಿದ್ದರೆ ಎಸ್ಟೇಟಿನವರು ತಮ್ಮ ಕಡೆಯ ಸಾಕ್ಷಿಯೊಬ್ಬನನ್ನು ಜೊತೆಗೆ ಕಳಿಸಬಹುದು. ಅವನು ನಡುದಾರಿಯಲ್ಲಿ ಬಿಟ್ಟುಬಿಟ್ಟರೆ ಅದು ಅವನ ಹಣೆಬರಹ, ನಡೆಯುವವರ ಸುತ್ತಿಗೆ ಧಕ್ಕೆಯಿಲ್ಲ.

ಮೊದಮೊದಲು ಐವತ್ತು ಅರವತ್ತು ಜನ ಹೊರಡುತ್ತಿದ್ದೆವು. ಹಾಡು, ಘೋಷಣೆ, ಹೆಗಲ ಮೇಲೆ ಮಕ್ಕಳು. ಆಮೇಲೆ ಇಪ್ಪತ್ತಾಯಿತು, ಆರಾಯಿತು. ಗೆದ್ದ ಹೋರಾಟವನ್ನು ಮರೆಯುವಷ್ಟು ಬೇಗ ಜನ ಇನ್ನೇನನ್ನೂ ಮರೆಯುವುದಿಲ್ಲ. ಕಳೆದ ಒಂಬತ್ತು ವರ್ಷ ನಮ್ಮೆಲ್ಲರ ಪರವಾಗಿ ಬೇಕರಿಯವನೊಬ್ಬನೇ ನಡೆಯುತ್ತಿದ್ದ. ಈ ಬೇಸಿಗೆಯಲ್ಲಿ ಅವನು ಮೈದಾ ಮೂಟೆ ಹೊತ್ತು ಮೆಟ್ಟಿಲಿಳಿಯುವಾಗ ಜಾರಿ ಕಣಕಾಲು ಮುರಿದುಕೊಂಡ. ನಮ್ಮ ಸಮಿತಿಯ ಟೀಚರಮ್ಮ ನಡೆದಿರುತ್ತಾರೆ ಅಂತ ಅವನು ಅಂದುಕೊಂಡ. ದೋಣಿಯವನು ನಡೆದಿರುತ್ತಾನೆ ಅಂತ ಟೀಚರಮ್ಮ ಅಂದುಕೊಂಡರು. ನನ್ನ ಸೊಂಟದ ಕೀಲು ಬದಲಾಯಿಸಿ ಎರಡು ವರ್ಷವಾಗಿದೆ, ಹಾಗಾಗಿ ಅಂದುಕೊಳ್ಳುವುದೊಂದೇ ನನಗುಳಿದ ಕೆಲಸ, ನಾನೂ ಅಂದುಕೊಂಡೆ. ತಿಂಗಳಿಗೊಮ್ಮೆ ಬೇಕರಿಯ ಹಿಂದಿನ ಕೋಣೆಯಲ್ಲಿ, ಒಲೆಯ ಕಾವಿಗೆ ಬೆನ್ನು ಕೊಟ್ಟು ಸಮಿತಿ ಸೇರುತ್ತಿದ್ದೆವು. ಪ್ರಪಂಚದ ಮೂಲೆಮೂಲೆಯ ಅನ್ಯಾಯವನ್ನು ಖಂಡಿಸಿ ಠರಾವು ಬರೆದೆವು. ನಮ್ಮ ತಲೆಯ ಮೇಲಿನ ದಾರಿ ಯಾರಿಗೂ ನೆನಪಾಗಲಿಲ್ಲ.

ಕರಾರಿನ ವರ್ಷ ಮುಗಿಯುವುದು ಅಕ್ಟೋಬರ್ ಕೊನೆಗೆ. ಇಪ್ಪತ್ತೊಂಬತ್ತರ ಸಂಜೆ ಮಾತಿಗೆ ಮಾತು ಬಂದು ನಾನು ಟೀಚರಮ್ಮನನ್ನು ಕೇಳಿದೆ, "ಹೇಗಿತ್ತು ಈ ಸಲದ ಸುತ್ತು?"

"ನನ್ನನ್ಯಾಕೆ ಕೇಳ್ತೀರಿ? ಹೋಗಿದ್ದು ದೋಣಿಯಣ್ಣ ತಾನೇ?"

ದೋಣಿಯವನು ಬಾಯಿಯ ಹತ್ತಿರ ತಂದ ಬನ್ನನ್ನು ಅಲ್ಲೇ ನಿಲ್ಲಿಸಿದ. "ನಾನೆಲ್ಲಿ ಹೋದೆ? ದೋಣಿ ಬಿಡೋದ್ಯಾರು, ನಿಮ್ಮಪ್ಪನಾ?"

ಬೇಕರಿಯವನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಉಳಿದ ದಿನ ಎಣಿಸಿದ.

ಮರುದಿನ ಇಡೀ ದಿನ ಮಳೆ ಸುರಿಯಿತು. ಉಳಿದದ್ದು ಒಂದೇ ಹಗಲು, ಮೂವತ್ತೊಂದು. ಬೇಕರಿಯವನಿಗೆ ಊರುಗೋಲು, ಟೀಚರಮ್ಮನಿಗೆ ಉಬ್ಬಸ, ದೋಣಿಯವನು ಜೀವಮಾನದಲ್ಲಿ ಪೂರ್ತಿ ಸುತ್ತು ಮುಗಿಸಿದವನಲ್ಲ. ಗುಂಪಿನಲ್ಲಿ ಹೊರಟರೂ ಎರಡನೇ ಬೆಟ್ಟದಿಂದಲೇ ವಾಪಸ್ಸು ಬರುತ್ತಿದ್ದ. ಹೀಗಾಗಿ, ನಮ್ಮ ಸಮಿತಿಗೆ ಒಂದು ದಿನವೂ ಕಾಲಿಡದ ಟಪಾಲಕ್ಕನ ಮನೆಗೆ ಮಳೆಯಲ್ಲಿ ನೆನೆದುಕೊಂಡು ಹೋದೆವು.

ಅವಳ ಮನೆಯೆಂದರೆ ತಂಗಿಯ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಮೂವತ್ತೊಂದು ವರ್ಷ ಕಣಿವೆಗೆ ಟಪಾಲು ಹಂಚಿದವಳು, ನಿವೃತ್ತಿಯಾಗಿ ಮೂರು ವರ್ಷ, ವಯಸ್ಸು ಅರವತ್ಮೂರು. ಮೀನಖಂಡ ಇನ್ನೂ ಒನಕೆಯ ಹಾಗಿದೆ, ಆದರೆ ಎಡಗಾಲಿನ ಮೊಣಕಾಲು ಬಾಗಿಲಿನ ತುಕ್ಕು ಹಿಡಿದ ತಿರುಗಣೆಯ ಹಾಗೆ ಸದ್ದು ಮಾಡುತ್ತದೆ. ಚೀಲ ನೇತುಹಾಕಿದ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ತಗ್ಗು. ಅವಳ ಎಲ್ಲ ಜಾಕೀಟುಗಳ ಎಡ ಹೆಗಲಿಗೂ ತಂಗಿ ಒಳಗಿನಿಂದ ಬಟ್ಟೆಯ ಮೆತ್ತೆ ಇಟ್ಟು ಹೊಲಿಯುತ್ತಾಳೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಮನೆಮನೆ ಸಂಸಾರ ದಿನಾ ಓದ್ತಿದ್ದೆನಲ್ಲ, ಸಾಕಾಗಿತ್ತು" ಅನ್ನುತ್ತಿದ್ದಳು.

ಇದು ತಮಾಷೆಯಲ್ಲ. ಅವಳು ಊರಿನವರ ಕಾರ್ಡುಗಳನ್ನೆಲ್ಲ ಓದುತ್ತಿದ್ದಳು, ಮತ್ತು ಅದನ್ನು ಮುಚ್ಚಿಡಲೂ ಇಲ್ಲ. "ಕಾರ್ಡು ಅಂದ್ರೆ ಬಾಯಿ ತೆರೆದಿರೋ ಕಾಗದ. ಓದಬಾರದು ಅಂದ್ರೆ ಲಕೋಟೆಗೆ ಹಾಕಿ." ಓದಿದ್ದು ಅವಳ ಬಾಯಲ್ಲೇ ನಿಂತುಬಿಡುತ್ತಿತ್ತು. ಬೆಟ್ಟ ದಾಟಿ ಆಚೆಯ ಕೇರಿಗಳಿಗೆ ಒಬ್ಬಳೇ ಹೋಗುವಾಗ ಆ ಕಾರ್ಡುಗಳನ್ನೇ ಒಂದಾದ ಮೇಲೊಂದು ಹೇಳಿಕೊಂಡು ಹೆಜ್ಜೆ ಹಾಕುತ್ತಿದ್ದಳು. ಅವಳಿಗೆ ದೂರವೆಂದರೆ ಕಿಲೋಮೀಟರಲ್ಲ. ಮೊದಲ ಬೆಟ್ಟದಿಂದ ಎರಡನೆಯದಕ್ಕೆ ಹನ್ನೊಂದು ಕಾರ್ಡು. ಮೂರನೆಯದನ್ನು ನಾವೆಲ್ಲ ಅತ್ತೆ ಅಂತ ಕರೆಯುವುದು, ಅದರ ಏರು ಒಂದಕ್ಕೇ ಇಪ್ಪತ್ತು.

ನಾವು ವಿಷಯ ಹೇಳಿದೆವು. ತಂಗಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈದಳು. "ಊರಿಗೆಲ್ಲ ಕಾಲು ಕೊಟ್ಟಾಯ್ತು ಇವಳು. ಉಳಿದಿರೋದು ಒಂದೂವರೆ. ಅದನ್ನೂ ಕೇಳ್ಕೊಂಡು ಬಂದ್ರಾ?"

"ನೀನು ಸುಮ್ನಿರೇ," ಅಂದಳು ಅಕ್ಕ. ಕಿಟಕಿಯಲ್ಲಿ ಬೆಟ್ಟಗಳಿರಲಿಲ್ಲ, ಬರೀ ಮಳೆಯಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದಳು. "ನಾಳೆ ಬಿಡುವು ಕೊಡ್ತದೆ ಮಳೆ. ಮೂರು ವರ್ಷದಿಂದ ಈ ಕುರ್ಚೀಲಿ ಕೂತು ನನ್ನ ಕುಂಡೆಗೆ ಬೇರು ಬಿಟ್ಟಿದೆ. ಹೋಗ್ತೀನಿ."

ತಂಗಿ ರಾತ್ರಿಯೇ ಕ್ಯಾನ್ವಾಸು ಹೊಲಿದು ಮೊಣಕಾಲಿಗೊಂದು ಪಟ್ಟಿ ಮಾಡಿದಳಂತೆ. ಬೈಯುತ್ತಲೇ ಹೊಲಿದಳಂತೆ.

ಆ ದಿನದ ನಡಿಗೆ ನಾನು ಕಣ್ಣಾರೆ ಕಂಡದ್ದಲ್ಲ. ಅಕ್ಕ ಹೇಳಿದ್ದು, ಜೊತೆಗೆ ಹೋದ ಎಸ್ಟೇಟಿನ ಗುಮಾಸ್ತ ಹೇಳಿದ್ದು, ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಇಬ್ಬರ ಮಾತೂ ಹೆಚ್ಚುಕಡಿಮೆ ಒಂದೇ; ಸುಳ್ಳು ಹೇಳುವಷ್ಟು ಉಸಿರು ಇಬ್ಬರಲ್ಲೂ ಉಳಿದಿರಲಿಲ್ಲ.

ಗುಮಾಸ್ತನಿಗೆ ಐವತ್ತು ದಾಟಿತ್ತು. ಇಪ್ಪತ್ತೆಂಟು ವರ್ಷ ಎಸ್ಟೇಟಿನ ಆಫೀಸಿನಲ್ಲಿ ಕೂತೇ ಕೆಲಸ ಮಾಡಿದವನು, ಹೊಟ್ಟೆ ಅವನಿಗಿಂತ ಅರ್ಧ ಹೆಜ್ಜೆ ಮುಂದೆ ಇರುತ್ತಿತ್ತು. ನಾವು ಸುದ್ದಿ ಮುಟ್ಟಿಸಿದ ಮೇಲೆ ಮೇನೇಜರು ಹಿಂದಿನ ಸಂಜೆ ಕರೆದು "ನಾಳೆ ಬೆಟ್ಟಕ್ಕೆ ಹೋಗಬೇಕು" ಅಂದಾಗ ಓಡಿಹೋಗಿ ಹೊಸ ಶೂ ತಂದಿದ್ದ. ಬೆಳಿಗ್ಗೆ ಆರು ಇಪ್ಪತ್ತೆರಡಕ್ಕೆ ದೋಣಿಕಟ್ಟೆಯಲ್ಲಿ ಅವನ ಹೊಳೆಯುವ ಶೂ ನೋಡಿ ಅಕ್ಕ ಕೇಳಿದಳು, "ಗುಮಾಸ್ತರೇ, ಇದೇನು ಮದುವೆಗೆ ಹೊರಟಿದೀರಾ?"

"ಹೊಸ್ದು ಅಕ್ಕಾವ್ರೇ."

"ಅದೇ ಹೇಳಿದ್ದು. ಹೊಸ ಶೂ, ಹೊಸ ಹೆಂಡ್ತಿ, ಎರಡನ್ನೂ ಮೊದಲ ದಿನ ಇಷ್ಟು ದೂರ ಕರ್ಕೊಂಡು ಹೋಗಬಾರದು."

ಇಬ್ಬರೂ ಹತ್ತಿದರು.

ಮಳೆ ತೊಳೆದ ಬೆಳಿಗ್ಗೆ. ಹುಲ್ಲಿನ ತುದಿತುದಿಗೂ ನೀರು. ಅಕ್ಕನ ನಡಿಗೆ ಟಪಾಲಿನವರ ನಡಿಗೆ, ಅವಸರವಿಲ್ಲ, ನಿಲ್ಲುವುದೂ ಇಲ್ಲ. ಏರಿನಲ್ಲೂ ಅದೇ, ಇಳಿಜಾರಿನಲ್ಲೂ ಅದೇ. ಕೂರುವುದಂತೂ ಇಲ್ಲವೇ ಇಲ್ಲ. ಕೂತರೆ ಮೊಣಕಾಲು ಮನೆ ನೆನಪಿಸಿಕೊಳ್ಳುತ್ತದೆ ಅನ್ನುತ್ತಾಳೆ. ನಡೆಯುತ್ತಲೇ ಬ್ರೆಡ್ಡು ಮುರಿದು ತಿಂದಳು, ನಡೆಯುತ್ತಲೇ ಬೇಯಿಸಿದ ಮೊಟ್ಟೆ ಸುಲಿದಳು. ಬಾಯಿ ಖಾಲಿಯಾದ ಕೂಡಲೇ ಕಾರ್ಡುಗಳು ಶುರುವಾದವು.

"'ಕ್ಷೇಮ. ನೀನು ಕಳಿಸಿದ ಸ್ವೆಟರಿನ ತೋಳು ಗಿಡ್ಡ. ನಾನು ಬೆಳೆದಿಲ್ಲ, ಅದು ಕುಗ್ಗಿದೆ. ಇನ್ನೊಂದು ಕಳಿಸು.'"

"ಏನಂದ್ರಿ?" ಅಂತ ಹಿಂದಿನಿಂದ ಗುಮಾಸ್ತ ಕೇಳಿದ.

"ನಿಮಗಲ್ಲ. ನಡೀರಿ."

"'ಅಣ್ಣಾ, ಹಸು ಕರು ಹಾಕಿತು. ಹೆಣ್ಣು ಕರು. ಅಪ್ಪನ ಹತ್ತಿರ ಮಾತು ಬಿಟ್ಟದ್ದು ಸಾಕು. ಕರು ನೋಡುವ ನೆಪ ಇದೆ, ಬಾ.'"

"ಬಂದ್ನಾ?"

"ಯಾರು?"

"ಅಣ್ಣ."

"ನಾಲ್ಕು ವರ್ಷ ಬಿಟ್ಟು ಬಂದ. ಅಷ್ಟೊತ್ತಿಗೆ ಕರುವೇ ಎರಡು ಕರು ಹಾಕಿತ್ತು."

ಎರಡನೇ ಬೆಟ್ಟದವರೆಗೂ ಗುಮಾಸ್ತ ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತ. ಶೂ ಲಾಡಿ ಬಿಚ್ಚಿದ, ಕಟ್ಟಿದ, ನೀರು ಕುಡಿದ, ಕೆಮ್ಮಿದ. ಅಕ್ಕ ನಿಲ್ಲಲಿಲ್ಲ. ಅತ್ತೆಯ ಏರಿನಲ್ಲಿ ಅವನಿಗೆ ನಾಟಕವಾಡಲೂ ಶಕ್ತಿ ಉಳಿಯಲಿಲ್ಲ. ಸುಮ್ಮನೆ ಅವಳ ಹಿಮ್ಮಡಿಯನ್ನೇ ನೋಡುತ್ತ ಬಂದ. ಮೇಲೆ ಕಲ್ಲುಗುಪ್ಪೆಯ ಹತ್ತಿರ ಡಬ್ಬಿ ತೆರೆದು, ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕಿ, ಅಕ್ಕ ಹಿಂದಕ್ಕೆ ನೋಡದೆಯೇ ಪೆನ್ನು ಚಾಚುತ್ತಿದ್ದಳು. ಅವನು ತೆಗೆದುಕೊಂಡು ಸಹಿ ಹಾಕುತ್ತಿದ್ದ. ನಾಲ್ಕನೆಯದರಲ್ಲೂ ಐದನೆಯದರಲ್ಲೂ ಹೀಗೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಅವಳು ನಡೆಯುತ್ತಿದ್ದಾಳೋ, ಬೆಟ್ಟವೇ ಅವಳ ಕಾಲಡಿಯಲ್ಲಿ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದಂತಾಯಿತಂತೆ. ಸರೋವರ ಎಡಗಡೆ, ಯಾವಾಗ ನೋಡಿದರೂ ಎಡಗಡೆ, ತಳದಲ್ಲಿ. ಒಮ್ಮೆ ತವರದ ಬಣ್ಣ, ಒಮ್ಮೆ ಹುರುಳಿ ಬೇಯಿಸಿದ ನೀರಿನ ಬಣ್ಣ, ಮೋಡ ಸರಿದರೆ ಯಾರೋ ಕಣ್ಣು ಬಿಟ್ಟ ಹಾಗೆ. ನಡುನೀರಿನಲ್ಲಿ ದೋಣಿ ಅಲ್ಲಾಡದೆ ನಿಂತಿತ್ತು, ಹುಟ್ಟಿನ ಸದ್ದು ಮಾತ್ರ ಬಹಳ ತಡವಾಗಿ, ಬೇರೆ ಯಾವುದೋ ದಿನದ್ದೆಂಬಂತೆ ಮೇಲಕ್ಕೆ ಬರುತ್ತಿತ್ತು. ಹೆಗಲಿನಲ್ಲಿ ಚೀಲವಿಲ್ಲ, ಆದರೂ ಚೀಲದ ಭಾರ ಬಂದು ಕೂತಿತು, ಅವಳು ಬಲಕ್ಕೆ ವಾಲಿಕೊಂಡೇ ನಡೆದಳು. ಕೆಳಗೆ ಒಂದೊಂದು ಕೇರಿ ಕಂಡಾಗಲೂ ಆ ಮನೆಗಳವರು ಹೊಸಿಲಿಗೆ ಬಂದು ನಿಂತರು. ಸತ್ತು ಹದಿನೈದು ವರ್ಷವಾದ ಬಡಗಿ ಕೈ ಒರೆಸಿಕೊಂಡು ಬಂದ. ಕಾಗದ ಬಂದ ದಿನ ಅಳುತ್ತಿದ್ದ, ಬಾರದ ದಿನ ಬೈಯುತ್ತಿದ್ದ ಮುದುಕಿ ಬಂದಳು. ಕಾಗದವನ್ನು ಮೂಸಿ ನೋಡಿಯೇ ಯಾರದೆಂದು ಹೇಳುತ್ತಿದ್ದ ಕುರುಡ ಬಂದ. ಅಕ್ಕ ಒಬ್ಬೊಬ್ಬರಿಗೂ ಅವರವರ ಕಾರ್ಡು ಹೇಳುತ್ತ ಹೋದಳು. ಬಿಸಿಲು ಬಂತು, ಹೋಯಿತು. ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯ್ದವು. ಆರನೇ ಬೆಟ್ಟದ ಹಿಂದಿನಿಂದ ಮಂಜು ಎದ್ದು ಬಂದು ಇಬ್ಬರನ್ನೂ ಸುತ್ತಿಕೊಂಡಾಗ ಅವಳಿಗೆ ಅದೂ ಮಂಜು ಅಂತ ಅನ್ನಿಸಲಿಲ್ಲ. ಹಾಗೇ ಇರಬೇಕಿತ್ತು ಅನ್ನಿಸಿತು.

"ನಿದ್ದೇಲಿ ನಡೆದ ಹಾಗೆ," ಅಂದಳು ನನಗೆ. "ಅಷ್ಟು ಸುಖ ನನಗೆ ಯಾವತ್ತೂ ಆಗಿರ್ಲಿಲ್ಲ. ಅದೇ ತಪ್ಪಾಗಿದ್ದು."

ಏಳನೇ ಗುಪ್ಪೆಯಲ್ಲಿ ಇಬ್ಬರ ಸಹಿಯೂ ಇದೆ, ಎರಡು ನಲವತ್ತೈದಕ್ಕೆ. ಎಂಟನೇ ಗುಪ್ಪೆಯಲ್ಲಿ ಅಕ್ಕ ಮೂರು ಐವತ್ತಕ್ಕೆ ಸಹಿ ಹಾಕಿದಳು. ಎಂದಿನಂತೆ ಹಿಂದಕ್ಕೆ ನೋಡದೆ ಪೆನ್ನು ಚಾಚಿದಳು.

ಯಾರೂ ತೆಗೆದುಕೊಳ್ಳಲಿಲ್ಲ.

ತಿರುಗಿ ನೋಡಿದಳು. ಮಂಜು. ಕೂಗಿದಳು. ಮಂಜು ಆ ಕೂಗನ್ನು ಹತ್ತು ಮಾರು ದೂರ ಒಯ್ದು ಕೆಳಗಿಟ್ಟುಬಿಟ್ಟಿತು. ಮೂವತ್ತೊಂದು ವರ್ಷ ಒಬ್ಬಳೇ ನಡೆದವಳು. ಹಿಂದೆ ಒಬ್ಬ ಇದ್ದಾನೆ, ಅವನನ್ನು ಆಗಾಗ ನೋಡಬೇಕು ಅನ್ನುವುದು ಅವಳ ಕತ್ತಿಗೆ ಅಭ್ಯಾಸವೇ ಇರಲಿಲ್ಲ. ಎಷ್ಟು ಕಾರ್ಡಿನ ಹಿಂದೆ ಅವನ ಹೆಜ್ಜೆ ಸದ್ದು ನಿಂತಿತು ಅಂತ ಯೋಚಿಸಿದಳು. ನೆನಪಾಗಲಿಲ್ಲ. ಏಳಕ್ಕೂ ಎಂಟಕ್ಕೂ ನಡುವೆ ದಾರಿಯ ಎಡಕ್ಕೆ ಕುರಿಗಳ ಜಾಡೊಂದು ಒಡೆಯುತ್ತದೆ. ಗೊತ್ತಿಲ್ಲದವರಿಗೆ ಅದೇ ನಿಜವಾದ ದಾರಿಯ ಹಾಗೆ ಕಾಣುತ್ತದೆ. ಅದು ಹೋಗುವುದು ನೇರ ಕಡಿದಾದ ಬಂಡೆಯ ಅಂಚಿಗೆ. ಕೆಳಗೆ ಇನ್ನೂರು ಅಡಿ, ಆಮೇಲೆ ನೀರು.

ಆಗ ಅವಳ ಮುಂದಿನ ಇಳಿಜಾರಿನಲ್ಲಿ ಮಂಜು ಹರಿಯಿತು. ಕೆಳಗೆ ಬಿಸಿಲಿನಲ್ಲಿ ದೋಣಿಕಟ್ಟೆ ಕಂಡಿತು. ನಾವೆಲ್ಲ ಅಲ್ಲಿ ನಿಂತಿದ್ದೆವು. ಬೇಕರಿಯವನ ಬಿಳಿ ಏಪ್ರನ್ನು ಅವಳಿಗೆ ಗುರುತು ಸಿಕ್ಕಿತಂತೆ. ದೋಣಿಕಟ್ಟೆಯ ಗೋಡೆಯ ಪಟ್ಟಿಯಲ್ಲಿ ಆ ದಿನದ ಸೂರ್ಯಾಸ್ತ ಐದು ನಲವತ್ನಾಲ್ಕು ಅಂತಿತ್ತು. ಇಳಿಯಲು ಬೇಕಾದದ್ದು ಮುಕ್ಕಾಲು ಗಂಟೆ. ಇಳಿದರೆ ದಾರಿ ನಮ್ಮದು. ಗುಮಾಸ್ತನ ಸಹಿ ಇರಲಿ ಬಿಡಲಿ, ಕರಾರಿಗೆ ಏನೂ ಆಗುತ್ತಿರಲಿಲ್ಲ. ಇಳಿದ ಮೇಲೆ ನಾಲ್ಕು ಜನರನ್ನು ಲಾಟೀನು ಕೊಟ್ಟು ಕಳಿಸಬಹುದಿತ್ತು. ಅವರು ಮೇಲಕ್ಕೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅಷ್ಟೇ. ಇಷ್ಟೂ ಅವಳಿಗೆ ಗೊತ್ತಿತ್ತು. ಪೆನ್ನಿನ ಮುಚ್ಚಳ ಹಾಕಿದಳು, ಬಂದ ದಾರಿಯಲ್ಲೇ ವಾಪಸ್ಸು ನಡೆದಳು.

"ಏನಂದುಕೊಂಡೆ ಆಗ?" ಅಂತ ನಾನು ಆಮೇಲೆ ಕೇಳಿದ್ದೆ.

"ಏನೂ ಅಂದುಕೊಳ್ಳಲಿಲ್ಲ. ಅವನಪ್ಪನಿಂದ ಹಿಡಿದು ನಿನ್ನವರೆಗೂ ಎಲ್ಲರನ್ನೂ ಬೈದುಕೊಂಡು ಹೋದೆ."

ಕುರಿಜಾಡಿನಲ್ಲಿ ಸ್ವಲ್ಪ ಇಳಿದ ಮೇಲೆ ಮಂಜಿನೊಳಗಿಂದ ಒಂದು ಗಂಡುದನಿ ಕೇಳಿತು. ಸಣ್ಣಗೆ, ಪಾಠ ಒಪ್ಪಿಸುವವರ ಹಾಗೆ. "ನಾನು ಬೆಳೆದಿಲ್ಲ, ಅದು ಕುಗ್ಗಿದೆ. ಇನ್ನೊಂದು ಕಳಿಸು. ನಾನು ಬೆಳೆದಿಲ್ಲ, ಅದು ಕುಗ್ಗಿದೆ…" ಆ ಸ್ವೆಟರಿನ ಹುಡುಗ ನೀರಲ್ಲಿ ಮುಳುಗಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಅಕ್ಕ ಒಂದು ಕ್ಷಣ ನಿಂತಳು. ಆಮೇಲೆ ಮಂಜಿನಲ್ಲಿ ಒಂದು ಹೊಟ್ಟೆ ಕಾಣಿಸಿತು.

ಗುಮಾಸ್ತ ಬಂಡೆಯೊಂದಕ್ಕೆ ಒರಗಿ ಕೂತಿದ್ದ. ಒಂದು ಶೂ ಬಿಚ್ಚಿಟ್ಟಿದ್ದ, ಕಾಲುಚೀಲ ರಕ್ತದಲ್ಲಿ ತೊಯ್ದು ಹಿಮ್ಮಡಿಗೆ ಅಂಟಿತ್ತು. ಅವನ ಮುಂದೆ ಮೂರು ಹೆಜ್ಜೆ ಹುಲ್ಲು, ಆಮೇಲೆ ಏನೂ ಇಲ್ಲ.

"ನೀವು ಹೋಗ್ಬಿಟ್ರಿ ಅಂದ್ಕೊಂಡೆ," ಅಂದ.

"ಹೋಗಿದ್ದೆ. ಬಂದೆ."

"ಹೊತ್ತು ಮೀರ್ತದಲ್ಲಾ?"

"ಮೀರ್ತದೆ."

"ಅಕ್ಕಾವ್ರೇ, ನಾನು ಎಸ್ಟೇಟಿನವನು."

"ಗೊತ್ತಪ್ಪಾ. ಏಳು. ಆ ಶೂ ಎಸಿ ಆಚೆ."

"ಹೊಸ್ದು…"

"ಎಸಿಯೋ ಅಂದ್ರೆ!"

ಅವನು ಎಸೆಯಲಿಲ್ಲ, ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡ. ಅಕ್ಕ ತನ್ನ ಮೊಣಕಾಲಿನ ಪಟ್ಟಿ ಬಿಚ್ಚಿ ಅವನ ಪಾದಕ್ಕೆ ಸುತ್ತಿದಳು. ಅಲ್ಲಿಂದ ಅವಳ ಮೊಣಕಾಲಿಗೆ ಆಸರೆಯಿಲ್ಲ, ಅವನ ಹಿಮ್ಮಡಿಗೆ ಚರ್ಮವಿಲ್ಲ. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಹತ್ತಿದರು.

"ಒಂದು ಮಾತು ಹೇಳ್ಬೇಕು," ಅಂದ ಗುಮಾಸ್ತ ದಾರಿಯಲ್ಲಿ. "ನಿಧಾನ ಮಾಡು ಅಂತ ಮೇನೇಜರು ಹೇಳಿದ್ರು. ಮೊದಲ ಎರಡು ಬೆಟ್ಟ ಬೇಕಂತಲೇ ನಿಧಾನ ಮಾಡಿದೆ."

"ಮತ್ತೆ ಆಮೇಲೆ?"

"ಆಮೇಲಿಂದು ನಿಜವಾದ ನಿಧಾನ."

ಅಕ್ಕ ನಕ್ಕಳಂತೆ. ನಕ್ಕರೆ ಮೊಣಕಾಲು ಇನ್ನಷ್ಟು ನೋಯುತ್ತದೆ ಅಂತ ಆಗಲೇ ಗೊತ್ತಾಗಿದ್ದಂತೆ.

ಎಂಟನೇ ಗುಪ್ಪೆಗೆ ಎರಡನೇ ಸಲ ಬಂದಾಗ ಐದು ಇಪ್ಪತ್ತೈದು. ಗುಮಾಸ್ತ ಸಹಿ ಹಾಕಿ ಪಕ್ಕದಲ್ಲಿ ಹೊತ್ತನ್ನು ಸರಿಯಾಗಿ ಬರೆದ. ಸ್ವಲ್ಪ ಇಳಿಯುವಷ್ಟರಲ್ಲಿ ಮಂಜು ಪೂರ್ತಿ ಕರಗಿ ಎದುರುಗಡೆ ಸೂರ್ಯ ಕಂಡ, ಬೆಂದ ಕುಂಬಳದ ಹೋಳಿನ ಹಾಗೆ ಮೆತ್ತಗೆ. ಸರೋವರದ ತುಂಬ ಅದೇ ಬಣ್ಣ. ಇಬ್ಬರೂ ನಿಂತರು. ನಿಲ್ಲದ ಅಕ್ಕನೂ ನಿಂತಳು. ಓಡಿದರೂ ಆಗದು ಅಂತ ಗೊತ್ತಾದ ಮೇಲೆ ಓಡುವುದೇನು, ಸುಮ್ಮನೆ ನೋಡಿದರು. ಅಂಚು ಮುಳುಗಿತು, ಅರ್ಧ ಮುಳುಗಿತು, ಒಂದು ಗೆರೆ ಉಳಿಯಿತು.

"ಹೋಯ್ತು," ಅಂದ ಗುಮಾಸ್ತ ಗಡಿಯಾರ ನೋಡಿ. "ಐದು ನಲವತ್ನಾಕು. ಪಟ್ಟಿ ಸರಿಯಾಗಿದೆ."

"ಹೋಗ್ಲಿ. ಕಾಲಿಡೋ ಕಡೆ ನೋಡು."

ಆರು ಮೂವತ್ತೊಂದಕ್ಕೆ ದೋಣಿಕಟ್ಟೆಗೆ ಬಂದು ಮುಟ್ಟಿದರು. ಮುಖ ಕಾಣದಷ್ಟು ಮಬ್ಬಾಗಿತ್ತು. ಎಸ್ಟೇಟಿನ ಮೇನೇಜರು ನಯವಾದ ಮಾತಿನ ಮನುಷ್ಯ. ಅಂಥವರನ್ನು ಕಂಡರೆ ನನಗೆ ಮೊದಲಿಂದಲೂ ಭಯ. ಅವರು ಗಡಿಯಾರವನ್ನು ಎಲ್ಲರಿಗೂ ತೋರಿಸಿ, "ತುಂಬಾ ಬೇಜಾರಾಗ್ತಿದೆ, ಆದ್ರೆ ಕರಾರು ಕರಾರೇ" ಅಂದರು. ತಮ್ಮ ಗುಮಾಸ್ತನ ಕಾಲಿಗೇನಾಯಿತು ಅಂತ ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನೂ ಹೇಳಬೇಕು. ಮೂರು ಐವತ್ತಕ್ಕೇ ಅವಳು ಎಂಟನೇ ಗುಪ್ಪೆಯಲ್ಲಿದ್ದಳು ಅಂತ ಗುಮಾಸ್ತನ ಬಾಯಿಂದ ಕೇಳಿದ ಕೂಡಲೇ ನನ್ನ ತಲೆ ಕೆಟ್ಟಿತು.

"ಮೂವತ್ತೆಂಟು ವರ್ಷ!" ಅಂತ ಕಿರುಚಿದೆ. "ಮೂವತ್ತೆಂಟು ವರ್ಷದ ಹೋರಾಟ ಕಣೇ! ಎಸ್ಟೇಟಿನ ಒಬ್ಬ ಗುಮಾಸ್ತನಿಗೋಸ್ಕರ! ಬಿಟ್ಟು ಬರೋಕೆ ಏನಾಗಿತ್ತು ನಿನಗೆ?"

ಗುಮಾಸ್ತ ಅಲ್ಲೇ ನಿಂತಿದ್ದ, ಕೊರಳಿನಲ್ಲಿ ಶೂ ನೇತುಹಾಕಿಕೊಂಡು.

ಅಕ್ಕ ದೋಣಿ ಕಟ್ಟುವ ಗೂಟದ ಮೇಲೆ ಕೂತಳು. ಆ ದಿನ ಅವಳು ಕೂತದ್ದು ಅದೇ ಮೊದಲು. ಉತ್ತರ ಕೊಟ್ಟವಳು ಅವಳ ತಂಗಿ. "ಬಾಯ್ಮುಚ್ಚಿ. ಮುನ್ನೂರ ಅರವತ್ತೈದು ದಿನ ಇತ್ತು ನಿಮಗೆ. ಅವಳಿಗೆ ಒಂದು ಕೊಟ್ರಿ." ಆಮೇಲೆ ಅಕ್ಕನ ಕಾಲು ನೋಡಿ, "ಪಟ್ಟಿ ಎಲ್ಲೇ?" ಅಂದಳು. ಗುಮಾಸ್ತ ತನ್ನ ಪಾದವನ್ನು ಹಿಂದಕ್ಕೆ ಎಳೆದುಕೊಂಡ.

ಹೀಗೆ ನಾವು ದಾರಿ ಕಳೆದುಕೊಂಡೆವು. ವಕೀಲರ ಹತ್ತಿರ ಹೋದೆವು. ಅವರು ಕರಾರನ್ನು ಎರಡು ಸಲ ಓದಿ,
"ಇದರಲ್ಲಿ ಮಾನವೀಯತೆ ಅಂತ ಒಂದು ಕಲಂ ಇಲ್ಲವಲ್ಲ" ಅಂದರು. ಕರಾರು ಬರೆದವರಲ್ಲಿ ನಾನೂ ಒಬ್ಬ.

ಒಂದು ವಾರ ಅಕ್ಕನ ಕಿಟಕಿ ಮುಚ್ಚಿತ್ತು. ಊರಿನಲ್ಲಿ ಎರಡು ಪಂಗಡವಾಯಿತು. ಬಿಟ್ಟು ಬರಬೇಕಿತ್ತು ಅನ್ನುವವರು ಬೇಕರಿಯಲ್ಲಿ ಜೋರಾಗಿ ಹೇಳುತ್ತಿದ್ದರು, ಮನೆಗೆ ಹೋಗಿ ಹೆಂಡತಿ ಮುಂದೆ ಹೇಳಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ. ಸರಿಯಾಗಿಯೇ ಮಾಡಿದಳು ಅನ್ನುವವರು ಜಾಸ್ತಿ ಮಾತಾಡಲಿಲ್ಲ. ನಾನು ಮೊದಲ ಪಂಗಡದಲ್ಲಿ ಮೂರು ದಿನ ಇದ್ದೆ. ನಾಲ್ಕನೇ ದಿನ ಎಸ್ಟೇಟಿನ ಲಾರಿಗಳಲ್ಲಿ ತಂತಿಯ ಸುರುಳಿ ಬಂದಿಳಿಯಿತು. ಅದರ ಹತ್ತಿರ ಹೋಗಿ ಮುಟ್ಟಿದೆ. ಮೂವತ್ತೆಂಟು ವರ್ಷದ ಹಿಂದೆ ಹೇಗಿತ್ತೋ ಹಾಗೇ ತಣ್ಣಗಿತ್ತು. ಅಲ್ಲಿಂದ ನೇರ ಹೊಲಿಗೆ ಅಂಗಡಿಗೆ ಹೋದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. "ಹತ್ತನೇ ತಾರೀಕು ಬೇಲಿ ಹಾಕ್ತಾರೆ. ನಾವು ಹತ್ತೋಣ ಅಂತ," ಅಂದೆ.

"ಹತ್ತಿ," ಅಂದಳು ಅಕ್ಕ ಮೇಲಿನಿಂದ. "ನನ್ನನ್ಯಾಕೆ ಕೇಳ್ತೀಯ?"

"ನೀನಿಲ್ದೆ ದಾರಿ ಯಾರಿಗೆ ಗೊತ್ತು?"

ಮೇಲೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ಎಷ್ಟು ಗಂಟೆಗೆ?"

ಹತ್ತನೇ ತಾರೀಕು ಬೆಳಿಗ್ಗೆ ಮೊದಲ ಬೆಟ್ಟದ ಬುಡದಲ್ಲಿ, ಎಸ್ಟೇಟಿನ ಹೊಸ ಗೇಟಿನ ಮುಂದೆ ಎಂಬತ್ತಕ್ಕೂ ಹೆಚ್ಚು ಜನ ಸೇರಿದ್ದರು. ಒಂಬತ್ತು ವರ್ಷದಿಂದ ಮುಖ ತೋರಿಸದವರು. ಬೆಟ್ಟವನ್ನು ಕಿಟಕಿಯಿಂದ ಮಾತ್ರ ನೋಡಿದವರು. ಹಕ್ಕು ಇದ್ದಾಗ ಒಬ್ಬನನ್ನು ಹುಡುಕಬೇಕಿತ್ತು, ಹೋದ ಮೇಲೆ ನಿಲ್ಲಲು ಜಾಗವಿರಲಿಲ್ಲ. ಅಕ್ಕ ಎಲ್ಲರಿಗಿಂತ ತಡವಾಗಿ ಬಂದಳು, ಮೊಣಕಾಲಿಗೆ ಹೊಸ ಪಟ್ಟಿ ಕಟ್ಟಿಕೊಂಡು.

"ಇಷ್ಟು ಜನ ಇದ್ರೇನ್ರೋ ಈ ಊರಲ್ಲಿ?" ಅಂದಳು. "ಅಕ್ಟೋಬರಲ್ಲಿ ಎಲ್ಲಿ ಸತ್ತಿದ್ರಿ?"

ಮುಂದೆ ನಿಂತವರು ಸರಿದು ಅವಳಿಗೆ ದಾರಿ ಬಿಟ್ಟರು.

ಗೇಟಿನ ಪಕ್ಕ ಮೇಜು ಹಾಕಿಕೊಂಡು ಗುಮಾಸ್ತ ಕೂತಿದ್ದ, ಚಪ್ಪಲಿ ಮೆಟ್ಟಿಕೊಂಡು. ಅತಿಕ್ರಮಣ ಮಾಡುವವರ ಹೆಸರು ಬರೆದುಕೊಳ್ಳುವುದು ಅವನ ಆ ದಿನದ ಕೆಲಸ. ಪೊಲೀಸಿನವರಿಬ್ಬರು ಜೀಪಿಗೆ ಒರಗಿ ನಿಂತಿದ್ದರು. ಅಕ್ಕ ಮೇಜಿನ ಮುಂದೆ ಹೋಗಿ ನಿಂತಳು.

"ಕಾಲು ಹೇಗಿದೆ?"

"ಕೀವಾಗಿತ್ತು ಅಕ್ಕಾ. ಈಗ ಪರವಾಗಿಲ್ಲ."

"ನನ್ನ ಹೆಸರು ಮೊದಲು ಬರ್ಕೋ."

"ಬರ್ದಾಯ್ತಕ್ಕಾ."

ಗೇಟಿಗೆ ಬೀಗವಿತ್ತು. ಅವಳು ಪಕ್ಕದ ಕಲ್ಲುಗೋಡೆಯ ಮೇಲೆ ಒಳ್ಳೆಯ ಕಾಲಿಟ್ಟು, ಕೆಟ್ಟ ಕಾಲನ್ನು ಕೈಯಲ್ಲಿ ಎತ್ತಿ ಆಚೆ ಹಾಕಿ ದಾಟಿದಳು. ಅವಳ ಹಿಂದೆ ತಂಗಿ, ತಂಗಿಯ ಹಿಂದೆ ಊರು. ನನ್ನ ಸೊಂಟ ಮೊದಲ ಬೆಟ್ಟದ ಗುಪ್ಪೆಯವರೆಗೆ ಬಂತು, ಅಲ್ಲಿಗೆ ಮುಗಿಯಿತು. ಗುಪ್ಪೆಗೆ ಒರಗಿ ಕೂತೆ. ಗುಂಪು ಮುಂದೆ ಹೋಯಿತು. ಮೊದಲು ಘೋಷಣೆ ಕೇಳುತ್ತಿತ್ತು, ಆಮೇಲೆ ಬರೀ ಮಾತು, ಆಮೇಲೆ ಕಾಲಿನ ಸದ್ದು, ಆಮೇಲೆ ಅದೂ ಇಲ್ಲ. ಬೆಟ್ಟದ ಬೆನ್ನಿನ ಮೇಲೆ ಎಂಬತ್ತು ಜನ ಒಂದು ಗೆರೆಯಾದರು. ಆ ಗೆರೆ ಅಲ್ಲಲ್ಲಿ ತೆಳುವಾಯಿತು, ಅಲ್ಲಲ್ಲಿ ಕೂಡಿಕೊಂಡಿತು. ಅತ್ತೆಯ ಏರಿನ ಹತ್ತಿರ ಬಿಸಿಲಿಗೆ ಕರಗಿದ ಹಾಗೆ ಆಯಿತು. ಯಾರು ಮುಂದೆ, ಯಾರು ಹಿಂದೆ, ಅಕ್ಕ ಯಾರು, ತಂಗಿ ಯಾರು ಅಂತ ಇಲ್ಲಿಂದ ಹೇಳಲು ಆಗುತ್ತಿರಲಿಲ್ಲ.

ಕೆಳಗೆ ಇನ್ನೂ ಎರಡು ಜೀಪು ಬಂದವು. ನಾನು ನೀರು ಕುಡಿದು, ಅಲ್ಲೇ ಕೂತಿದ್ದೆ.